‘ಸ್ಲೋ ಲರ್ನರ್’ ಪಟ್ಟಿಯ ಹಿಂದೆ: ಅರ್ಥಶಾಸ್ತ್ರದ ತರಗತಿಯಲ್ಲಿ ಯಾರು ಏಕೆ ಹಿಂದುಳಿಯುತ್ತಾರೆ, ವಿಭಾಗ ಏನು ಮಾಡಬಹುದು

ಮಗಳನ್ನೋ ಮಗನನ್ನೋ ಪದವಿ ಕಾಲೇಜಿಗೆ ಸೇರಿಸಿದ ಮನೆಗಳಿಗೆ ಈಚಿನ ವರ್ಷಗಳಲ್ಲಿ ಕೆಲವು ಹೊಸ ಮಾತುಗಳು ಬಂದು ತಲುಪುತ್ತಿವೆ. ‘ನಿಮ್ಮ ಮಗಳಿಗೆ ಒಬ್ಬರು ಮೆಂಟರ್ ಇರುತ್ತಾರೆ.’ ‘ಆರಂಭದಲ್ಲಿ ಬ್ರಿಡ್ಜ್ ಕೋರ್ಸ್ ನಡೆಯುತ್ತದೆ.’ ‘ಸ್ಲೋ ಲರ್ನರ್ ಪಟ್ಟಿಯಲ್ಲಿ ಹೆಸರಿದೆ, ರೆಮಿಡಿಯಲ್ ಕ್ಲಾಸಿಗೆ ಬರಬೇಕು.’ ಮನೆಯಲ್ಲಿ ಹಿಂದೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿಲ್ಲದಿದ್ದರೆ ಇದು ಸೌಲಭ್ಯವೋ ಶಿಕ್ಷೆಯೋ ಎಂಬುದೇ ತಿಳಿಯುವುದಿಲ್ಲ. ಮೆಂಟರ್ ಎಂದರೆ ವಿದ್ಯಾರ್ಥಿಯ ಓದಿನ ಮೇಲೆ ಕಣ್ಣಿಡುವ ಮಾರ್ಗದರ್ಶಿ ಅಧ್ಯಾಪಕರು, ರೆಮಿಡಿಯಲ್ ಕ್ಲಾಸ್ ಎಂದರೆ ಹಿಂದುಳಿದವರಿಗೆ ನಡೆಸುವ ಹೆಚ್ಚುವರಿ ತರಗತಿ.

ಈ ಮಾತುಗಳು ಹರಡುವುದಕ್ಕೆ ಒಂದು ಕಾರಣ ನ್ಯಾಕ್. ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ಈ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. ಅದರ ಮಾನದಂಡಗಳಲ್ಲಿ ‘ವಿದ್ಯಾರ್ಥಿಗಳ ವೈವಿಧ್ಯಕ್ಕೆ ಸ್ಪಂದನೆ’ ಎಂಬುದೂ ಒಂದು. ಬೇಗ ಕಲಿಯುವವರು ಯಾರು, ನಿಧಾನವಾಗಿ ಕಲಿಯುವವರು ಯಾರು, ಅವರಿಗಾಗಿ ಕಾಲೇಜು ಏನು ಮಾಡಿದೆ ಎಂದು ಅದು ಕೇಳುತ್ತ ಬಂದಿದೆ. ಪ್ರಶ್ನೆ ಒಳ್ಳೆಯದೇ. ಆದರೆ ತಂಡ ಬರುವ ವಾರದಲ್ಲಿ ಅನೇಕ ಕಡೆ ಕಡತ ದಪ್ಪಗಾಗುವಷ್ಟು ಬೇಗ ತರಗತಿ ಬದಲಾಗುವುದಿಲ್ಲ.

ಎಲ್ಲ ವಿಷಯಗಳಿಗೂ ಅನ್ವಯವಾಗುವ ಈ ಸಂಗತಿಯನ್ನು ಅರ್ಥಶಾಸ್ತ್ರದ ಮೂಲಕ ನೋಡುವುದಕ್ಕೆ ಕಾರಣವಿದೆ. ವಿದ್ಯಾರ್ಥಿ ಹಿಂದುಳಿಯುವುದು ಬುದ್ಧಿ ಕಡಿಮೆಯಾಗಿಯೋ, ಸುತ್ತಲ ಪರಿಸ್ಥಿತಿಯಿಂದಲೋ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರೇ ಪ್ರಯೋಗ ಮಾಡಿ ಪರೀಕ್ಷಿಸಿದ್ದಾರೆ. ಅವುಗಳಲ್ಲಿ ಕೆಲವು ಪ್ರಯೋಗಗಳು ನಮ್ಮ ದೇಶದ ಹಳ್ಳಿಗಳಲ್ಲೇ ನಡೆದಿವೆ. ಆದರೂ ಅವುಗಳ ಫಲಿತಾಂಶ ನಮ್ಮ ಅರ್ಥಶಾಸ್ತ್ರ ವಿಭಾಗಗಳ ಸ್ಟಾಫ್ ರೂಮಿನವರೆಗೆ ಬಂದದ್ದು ಕಡಿಮೆ.

ವೈವಿಧ್ಯ ಎಂದರೆ ಇಲ್ಲಿ ಏನು

ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ ಪ್ರಕಾರ 2021-22ರಲ್ಲಿ ದೇಶದಲ್ಲಿ 4.33 ಕೋಟಿ ವಿದ್ಯಾರ್ಥಿಗಳು ಕಾಲೇಜು, ವಿಶ್ವವಿದ್ಯಾಲಯಗಳಲ್ಲಿದ್ದರು. ಅವರಲ್ಲಿ 2.07 ಕೋಟಿ ಮಂದಿ ಹೆಣ್ಣುಮಕ್ಕಳು. ಎರಡು ತಲೆಮಾರಿನ ಹಿಂದೆ ಕಾಲೇಜು ಕೆಲವೇ ಮನೆಗಳ ಸ್ವತ್ತಾಗಿತ್ತು. ಈಗ ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿ.ಎ. ತರಗತಿಯಲ್ಲಿ ಬೆಂಚಿಗೊಂದು ಕಥೆ ಕುಳಿತಿರುತ್ತದೆ.

ಪಿಯುಸಿಯಲ್ಲಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಓದಿ ಬಂದವರಿಗೆ ಅರ್ಥಶಾಸ್ತ್ರದ ಪರಿಚಯವಿರುತ್ತದೆ, ಆದರೆ ಗಣಿತವನ್ನು ಅವರು ಎಸ್ಸೆಸ್ಸೆಲ್ಸಿಯಲ್ಲೇ ಬಿಟ್ಟಿರುತ್ತಾರೆ. ವಾಣಿಜ್ಯ ವಿಭಾಗದಲ್ಲಿ ಸಂಖ್ಯಾಶಾಸ್ತ್ರ ಓದಿದವರು ಪಕ್ಕದಲ್ಲೇ ಕುಳಿತಿರುತ್ತಾರೆ. ಪಾಠ ಕನ್ನಡ ಮಾಧ್ಯಮದಲ್ಲಿ ನಡೆದರೂ ಎಲ್ಲರ ಮನೆಮಾತು ಕನ್ನಡವಲ್ಲ. ಕಲಬುರಗಿಯಲ್ಲಿ ಉರ್ದು, ಲಂಬಾಣಿ, ಪುತ್ತೂರಿನಲ್ಲಿ ತುಳು, ಬ್ಯಾರಿ, ನಿಪ್ಪಾಣಿಯಲ್ಲಿ ಮರಾಠಿ. ಬೆಳಗಿನ ಹಾಲು ಡೇರಿಗೆ ಹಾಕಿ ಬರುವವರು, ಸಂಜೆ ಬಟ್ಟೆ ಅಂಗಡಿಯಲ್ಲಿ ನಿಲ್ಲುವವರು, ಹಾಸ್ಟೆಲ್ ಸಿಗದೆ ದೊಡ್ಡಮ್ಮನ ಮನೆಯಲ್ಲಿರುವವರು, ಮದುವೆಯಾದ ಮೇಲೆ ಓದು ಮುಂದುವರಿಸಿದವರು, ಕಣ್ಣು ಕಾಣದವರು, ಕಿವಿ ಮಂದವಾಗಿರುವವರು ಎಲ್ಲರೂ ಒಂದೇ ಹಾಜರಿ ಪುಸ್ತಕದಲ್ಲಿರುತ್ತಾರೆ.

ಪ್ರವೇಶದ ಅರ್ಜಿಗೆ ಇದೆಲ್ಲ ಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಪ್ರವರ್ಗ 1, 2ಎ, 3ಬಿ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಎಂಬ ವಿಂಗಡಣೆ. ಸೀಟು ಹಂಚುವುದಕ್ಕೆ ಅದು ಅಗತ್ಯ. ಆದರೆ ಸೀಟು ಸಿಕ್ಕ ಮೇಲೆ ಪಾಠ ಹತ್ತುವುದಕ್ಕೆ ಯಾವುದು ಅಡ್ಡ ಬರುತ್ತಿದೆ ಎಂದು ಆ ಪಟ್ಟಿ ಹೇಳುವುದಿಲ್ಲ. ಗಣಿತದ ಭಯ, ಮಾಧ್ಯಮ, ಬಸ್ಸಿನ ವೇಳೆ, ವಿದ್ಯಾರ್ಥಿವೇತನದ ವಿಳಂಬ, ‘ಇದು ನಮ್ಮಂಥವರಿಗಲ್ಲ’ ಎಂಬ ಅಳುಕು ಇವೆಲ್ಲ ಜಾತಿ ಪ್ರಮಾಣಪತ್ರದಲ್ಲಿ ನಮೂದಾಗುವಂಥವಲ್ಲ.

ಈ ಮಾತು ಬಂದಾಗ ಪ್ರತಿಸಲ ಒಂದು ಆಕ್ಷೇಪವೂ ಬರುತ್ತದೆ. ಎಲ್ಲರಿಗೂ ಒಂದೇ ಪಾಠ, ಒಂದೇ ಪರೀಕ್ಷೆ ಇರುವಾಗ ಕೆಲವರಿಗೆ ಮಾತ್ರ ವಿಶೇಷ ನೆರವು ಏಕೆ? ಹಳೆಯ ಬಸ್ಸುಗಳ ಮೊದಲ ಮೆಟ್ಟಿಲು ನೆಲದಿಂದ ಮೊಳದೆತ್ತರ ಇರುತ್ತಿತ್ತು. ಟಿಕೆಟ್ ದರ ಎಲ್ಲರಿಗೂ ಒಂದೇ, ಬಾಗಿಲೂ ಒಂದೇ. ಆದರೂ ಹತ್ತಲಾಗದೆ ಉಳಿಯುತ್ತಿದ್ದವರು ಮುದುಕರು, ಬಸುರಿಯರು, ಮೂಟೆ ಹೊತ್ತವರು. ಮೆಟ್ಟಿಲನ್ನು ತಗ್ಗಿಸಿದರೆ ಅವರೂ ಹತ್ತುತ್ತಾರೆ, ಉಳಿದವರು ಇನ್ನೂ ಬೇಗ ಹತ್ತುತ್ತಾರೆ. ಬಸ್ಸು ಹೋಗಬೇಕಾದ ಊರೇನೂ ಬದಲಾಗುವುದಿಲ್ಲ. ವಿಭಾಗದಿಂದ ನಿರೀಕ್ಷಿಸುವ ಕೆಲಸವೂ ಬಹುಪಾಲು ಇಂಥದ್ದೇ.

ಅರ್ಥಶಾಸ್ತ್ರದಲ್ಲೇ ತೊಡಕು ಹೆಚ್ಚೇಕೆ

ಇತಿಹಾಸದ ಮೊದಲ ಪಾಠ ಕಥೆಯಂತೆ ಶುರುವಾಗುತ್ತದೆ. ಅರ್ಥಶಾಸ್ತ್ರದ ಮೊದಲ ಪಾಠದಲ್ಲಿ ಕರಿಹಲಗೆಯ ಮೇಲೆ ಎರಡು ಗೆರೆಗಳು ಬರುತ್ತವೆ: ನಿಂತ ಗೆರೆಯಲ್ಲಿ ಬೆಲೆ, ಮಲಗಿದ ಗೆರೆಯಲ್ಲಿ ಪ್ರಮಾಣ, ನಡುವೆ ಎಡದಿಂದ ಬಲಕ್ಕೆ ಇಳಿಯುವ ಬೇಡಿಕೆ ರೇಖೆ. ಬೆಲೆ ಏರಿದರೆ ಕೊಳ್ಳುವುದು ಕಡಿಮೆಯಾಗುತ್ತದೆ ಎಂಬುದು ಸಂತೆಗೆ ಹೋದ ಯಾರಿಗಾದರೂ ಗೊತ್ತು. ಅದನ್ನೇ ಗೆರೆಯಾಗಿ, ಗೆರೆಯ ಇಳಿಜಾರಾಗಿ, ಇಳಿಜಾರನ್ನು ಒಂದು ಭಿನ್ನರಾಶಿಯಾಗಿ ಓದುವುದು ಬೇರೆಯೇ ಕೌಶಲ. ಪಾಠ ಮಾಡುವವರಿಗೆ ಅದು ಉಸಿರಾಟದಷ್ಟು ಸಹಜವಾಗಿರುವುದರಿಂದ ಅದನ್ನು ಪ್ರತ್ಯೇಕವಾಗಿ ಕಲಿಸಬೇಕೆಂಬುದೇ ಮರೆತುಹೋಗುತ್ತದೆ. ವಿದ್ಯಾರ್ಥಿ ಅರ್ಥಶಾಸ್ತ್ರದಲ್ಲಿ ಸೋತೆನೆಂದುಕೊಳ್ಳುತ್ತಾನೆ. ಅವನು ಸೋತದ್ದು ರೇಖಾಚಿತ್ರ ಓದುವುದರಲ್ಲಿ.

ಗಣಿತದ ಈ ಬಾಗಿಲು ಎಂಥವರನ್ನೆಲ್ಲ ಹೊರಗೆ ನಿಲ್ಲಿಸಿದೆ ಎಂಬುದಕ್ಕೆ ಎಲಿನಾರ್ ಆಸ್ಟ್ರಮ್ ಸಾಕ್ಷಿ. ಅಮೆರಿಕದ ಶಾಲೆಯಲ್ಲಿ ಓದುವಾಗ ಹುಡುಗಿಯೆಂಬ ಕಾರಣಕ್ಕೆ ತ್ರಿಕೋನಮಿತಿ ತೆಗೆದುಕೊಳ್ಳಲು ಆಕೆಗೆ ಪ್ರೋತ್ಸಾಹ ಸಿಗಲಿಲ್ಲ. ಮುಂದೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗ, ಗಣಿತದ ಹಿನ್ನೆಲೆ ಸಾಲದೆಂದು ಆಕೆಯನ್ನು ಪಿಎಚ್.ಡಿ.ಗೆ ಸೇರಿಸಿಕೊಳ್ಳಲಿಲ್ಲ. ಆಕೆ ರಾಜ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯೂ ಆಕೆಯೇ ಆದರು. ಮೀನುಗಾರಿಕೆ, ಅಂತರ್ಜಲ, ನೀರಾವರಿಯಂಥ ಎಲ್ಲರಿಗೂ ಸೇರಿದ ಸಂಪತ್ತನ್ನು ಊರಿನವರೇ ಕಟ್ಟುಪಾಡು ಮಾಡಿಕೊಂಡು ಹೇಗೆ ಕಾಯುತ್ತಾರೆ ಎಂಬುದು ಆಕೆಯ ಅಧ್ಯಯನ. ಕೋಲಾರ, ತುಮಕೂರಿನ ಕೆರೆಗಳ ಕೆಳಗೆ ಸರದಿಯಂತೆ ನೀರು ಬಿಡುತ್ತಿದ್ದ ನೀರಗಂಟಿಯನ್ನು ಕಂಡ ಅಜ್ಜಂದಿರ ಮೊಮ್ಮಕ್ಕಳಿಗೆ ಆ ಸಿದ್ಧಾಂತದ ಅರ್ಧ ಪಾಠ ಮನೆಯಲ್ಲೇ ಸಿಕ್ಕಿರುತ್ತದೆ.

ಎರಡನೆಯ ತೊಡಕು ಭಾಷೆ. ಬಿ.ಎ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಆದರೆ ಉಲ್ಲೇಖ ಗ್ರಂಥ, ರಿಸರ್ವ್ ಬ್ಯಾಂಕಿನ ವರದಿ, ಸ್ನಾತಕೋತ್ತರ ಪ್ರವೇಶದ ರಾಷ್ಟ್ರೀಯ ಪರೀಕ್ಷೆ ಎಲ್ಲ ಹೆಚ್ಚಾಗಿ ಇಂಗ್ಲಿಷಿನವು. ಕನ್ನಡದಲ್ಲೇ ಓದಿದವರು ಮೂರನೇ ವರ್ಷದ ಕೊನೆಗೆ ಗೋಡೆಗೆ ಮುಖ ಮಾಡಿ ನಿಂತಂತಾಗುತ್ತದೆ. ಇಂಗ್ಲಿಷಿನಲ್ಲೇ ಓದಲು ಹೊರಟವರು ಮೊದಲ ವರ್ಷದಲ್ಲೇ ಮುಗ್ಗರಿಸುತ್ತಾರೆ. ಪ್ರತಿ ಘಟಕದ ಜೊತೆಗೆ ಎರಡೂ ಭಾಷೆಯ ಪದಗಳಿರುವ ಒಂದು ಪುಟ ಕೊಟ್ಟು, ಮೊದಲ ವರ್ಷದಿಂದಲೇ ವಾರಕ್ಕೊಂದು ಸಣ್ಣ ಇಂಗ್ಲಿಷ್ ಸುದ್ದಿಯನ್ನು ಕನ್ನಡದಲ್ಲಿ ಚರ್ಚಿಸುವ ಅಭ್ಯಾಸ ಇಟ್ಟರೆ ಈ ದೂರ ಮೂರು ವರ್ಷಕ್ಕೆ ಹಂಚಿಹೋಗುತ್ತದೆ. ಖರ್ಚು ಜೆರಾಕ್ಸಿನದು ಮಾತ್ರ.

ಒಂದು ಬಾಕ್ಸ್ ಟೊಮೆಟೊ

ಬ್ರಿಡ್ಜ್ ಕೋರ್ಸ್ ಎಂದರೆ ಹಿಂದಿನ ಓದಿಗೂ ಮುಂದಿನ ಓದಿಗೂ ನಡುವೆ ಉಳಿದ ಕಂದಕವನ್ನು ತುಂಬುವ ಕಿರು ಪಾಠಸರಣಿ. ಅದು ಹೇಗಿರಬಹುದು ಎಂಬುದಕ್ಕೆ ವಿದ್ಯಾರ್ಥಿಗಳು ಬಹಳ ಹೆದರುವ ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನೇ ತೆಗೆದುಕೊಳ್ಳೋಣ. ಪುಸ್ತಕದ ವ್ಯಾಖ್ಯೆ ಹೀಗಿದೆ: ಬೆಲೆಯಲ್ಲಿ ಆದ ಶೇಕಡಾವಾರು ಬದಲಾವಣೆಗೆ ಪ್ರತಿಯಾಗಿ ಬೇಡಿಕೆಯಲ್ಲಿ ಆಗುವ ಶೇಕಡಾವಾರು ಬದಲಾವಣೆಯ ಅನುಪಾತ. ಒಂದೇ ವಾಕ್ಯದಲ್ಲಿ ಎರಡು ಶೇಕಡ, ಒಂದು ಅನುಪಾತ. ಇದನ್ನು ಬಾಯಿಪಾಠ ಮಾಡಿ ಐದು ಅಂಕ ಗಳಿಸಬಹುದು. ಅರ್ಥವಾಗುವುದು ಬೇರೆ ಮಾತು.

ಈಗ ಕೋಲಾರದ ಎಪಿಎಂಸಿ ಪ್ರಾಂಗಣಕ್ಕೆ ಹೋಗೋಣ. ಅಲ್ಲಿ ಟೊಮೆಟೊ ಹರಾಜಾಗುವುದು 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ. ಲೆಕ್ಕ ಸುಲಭವಾಗಲೆಂದು, ದಿನಕ್ಕೆ 10,000 ಬಾಕ್ಸ್ ಬರುತ್ತಿದೆ, ಬಾಕ್ಸಿಗೆ 300 ರೂಪಾಯಿ ಎಂದು ಊಹಿಸಿಕೊಳ್ಳಿ. ರೈತರಿಗೆಲ್ಲ ಸೇರಿ ಸಿಗುವುದು 30 ಲಕ್ಷ. ಮಳೆ ಹದವಾಗಿ ಬಿದ್ದು 11,000 ಬಾಕ್ಸ್ ಬಂತು. ಹೆಚ್ಚಾದದ್ದು ಶೇ 10 ಮಾತ್ರ. ಆದರೆ ಟೊಮೆಟೊ ಅಗ್ಗವಾಯಿತೆಂದು ಯಾರೂ ಸಾರಿಗೆ ಎರಡರಷ್ಟು ಹಾಕುವುದಿಲ್ಲ. ಆ ಹೆಚ್ಚುವರಿ 1,000 ಬಾಕ್ಸ್ ಖಾಲಿಯಾಗಬೇಕಾದರೆ ಬೆಲೆ 150ಕ್ಕೆ ಇಳಿಯಬೇಕಾಯಿತು ಎನ್ನೋಣ. ಶೇ 50 ಇಳಿಕೆ. ಈಗ ಸಿಗುವುದು 16.5 ಲಕ್ಷ. ಬೆಳೆ ಹೆಚ್ಚಿತು, ಆದಾಯ ಹೆಚ್ಚುಕಡಿಮೆ ಅರ್ಧವಾಯಿತು. ಬೇಡಿಕೆಯ ಬದಲಾವಣೆ 10, ಬೆಲೆಯ ಬದಲಾವಣೆ 50. ಹತ್ತನ್ನು ಐವತ್ತರಿಂದ ಭಾಗಿಸಿದರೆ 0.2. ಈ ಅಂಕಿ ಒಂದಕ್ಕಿಂತ ಕಡಿಮೆಯಿದ್ದರೆ ಒಳ್ಳೆಯ ಫಸಲು ಬೆಳೆದವರಿಗೇ ಮುಳುವಾಗುತ್ತದೆ.

ಈ ಕ್ರಮದಲ್ಲಿ ಪಾಠ ನಡೆದರೆ ತರಗತಿಯ ಚಿತ್ರ ತಲೆಕೆಳಗಾಗುತ್ತದೆ. ‘ಎಲ್ಲರಿಗೂ ಚೆನ್ನಾಗಿ ಬೆಳೆ ಬಂದ ವರ್ಷವೇ ನಾವು ರಸ್ತೆಗೆ ಸುರಿಯುವುದು’ ಎಂದು ಹಿಂದಿನ ಬೆಂಚಿನ ಹುಡುಗಿ ಹೇಳುತ್ತಾಳೆ. ಮಂಡಿಯಲ್ಲಿ ಕಮಿಷನ್ ವ್ಯವಹಾರ ಮಾಡುವವರ ಮಗ ಚೆನ್ನೈ ಲಾರಿಗಳು ಬರದ ದಿನ ಏನಾಗುತ್ತದೆಂದು ವಿವರಿಸುತ್ತಾನೆ. ಪೇಟೆಯ ಹುಡುಗ ಕಿಲೋಗೆ ನೂರಾದರೂ ಅವನ ಅಮ್ಮ ಅರ್ಧ ಕಿಲೋ ತರುವುದನ್ನು ಬಿಡುವುದಿಲ್ಲ ಎನ್ನುತ್ತಾನೆ. ಅದೂ ಅದೇ 0.2ರ ಇನ್ನೊಂದು ಮುಖ. ಹಿನ್ನೆಲೆಗಳ ವ್ಯತ್ಯಾಸ ಇಲ್ಲಿ ಪಾಠಕ್ಕೆ ಹೊರೆಯಾಗದೆ ಪಾಠದ ಸಾಮಗ್ರಿಯಾಗುತ್ತದೆ. ಸೂತ್ರವನ್ನು ಬಿಟ್ಟುಕೊಟ್ಟಿಲ್ಲ, ಅದು ಕೊನೆಯಲ್ಲಿ ಬಂದಿದೆ, ಅಷ್ಟೆ.

ಇಂಥ ಸಾಮಗ್ರಿ ನಮ್ಮಲ್ಲಿ ಬೇಕಾದಷ್ಟಿದೆ. ಪ್ರಾದೇಶಿಕ ಅಸಮಾನತೆ ಕುರಿತು ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ಕೊಟ್ಟ ವರದಿ, ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. 35 ಸೂಚಕಗಳನ್ನು ಕೂಡಿಸಿ ಮಾಡಿದ ಸೂಚ್ಯಂಕ ಅದು. ನಿಮ್ಮ ತಾಲ್ಲೂಕು ಆ ಪಟ್ಟಿಯಲ್ಲಿ ಎಲ್ಲಿತ್ತು, ಯಾವ ಸೂಚಕದಲ್ಲಿ ಸೋತಿತ್ತು, ಈಗ ಹೇಗಿದೆ ಎಂದು ಒಂದು ಅಸೈನ್‌ಮೆಂಟ್ ಕೊಟ್ಟರೆ ಸೂಚ್ಯಂಕ, ಸರಾಸರಿ, ತೂಕ ಎಂಬ ಪರಿಕಲ್ಪನೆಗಳೆಲ್ಲ ಸ್ವಂತ ಊರಿನ ಮೂಲಕ ಬರುತ್ತವೆ. ಹೊರದೇಶಗಳಲ್ಲೂ ಈ ಕಡೆಗೇ ಪ್ರಯತ್ನ ನಡೆದಿದೆ. ಅಸಮಾನತೆ, ಹವಾಮಾನ, ನಿರುದ್ಯೋಗದಂಥ ನಿಜ ಸಮಸ್ಯೆಗಳಿಂದ ಶುರುವಾಗುವ ‘ಕೋರ್’ ಎಂಬ ಉಚಿತ ಪಠ್ಯವನ್ನು ಹಲವು ದೇಶಗಳ ಅರ್ಥಶಾಸ್ತ್ರಜ್ಞರು ಸೇರಿ ರೂಪಿಸಿದ್ದಾರೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಧ್ಯಾಪಕರೂ ಆ ಕೆಲಸದಲ್ಲಿದ್ದರು.

ಹೆಸರು ಕೂಗುವ ರೀತಿಯಿಂದ ಫಲಿತಾಂಶ ಬದಲಾಗುವುದೇ?

ಅರ್ಥಶಾಸ್ತ್ರಜ್ಞರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು ಮತ್ತು ಏಳನೇ ತರಗತಿಯ ಹುಡುಗರೊಂದಿಗೆ ಒಂದು ಪ್ರಯೋಗ ನಡೆಸಿದರು. ಮಕ್ಕಳಿಗೆ ಕಾಗದದ ಮೇಲಿನ ದಾರಿ ಹುಡುಕುವ ಒಗಟುಗಳನ್ನು ಕೊಟ್ಟು, ಬಿಡಿಸಿದಷ್ಟಕ್ಕೆ ಹಣ ಕೊಡುತ್ತಿದ್ದರು. ಜಾತಿಯ ಮಾತೇ ಎತ್ತದಿದ್ದಾಗ ಮೇಲ್ಜಾತಿಯ ಹುಡುಗರಿಗೂ ದಲಿತ ಹುಡುಗರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇನ್ನು ಕೆಲವು ಗುಂಪುಗಳಲ್ಲಿ, ಒಗಟು ಕೊಡುವ ಮೊದಲು ಪ್ರತಿಯೊಬ್ಬರ ಹೆಸರು, ಊರು, ಜಾತಿಯನ್ನು ಎಲ್ಲರೆದುರು ಓದಿದರು. ಅಲ್ಲಿ ದಲಿತ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಗಮನಾರ್ಹವಾಗಿ ಕುಸಿಯಿತು. ಆ ಮಕ್ಕಳ ಬುದ್ಧಿ ಆ ಎರಡು ನಿಮಿಷದಲ್ಲಿ ಕಡಿಮೆಯಾಗಲು ಸಾಧ್ಯವಿಲ್ಲ. 2006ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಇಂದಿಗೂ ಉಲ್ಲೇಖಿಸುತ್ತಾರೆ.

ಈಗ ನಮ್ಮ ಕಾಲೇಜಿನ ಒಂದು ಸಾಮಾನ್ಯ ದೃಶ್ಯ. ಪಾಠದ ನಡುವೆ ಅಟೆಂಡರ್ ಬಂದು, ‘ಎಸ್‌ಸಿ, ಎಸ್‌ಟಿ ಸ್ಕಾಲರ್‌ಶಿಪ್‌ನವರು ಎದ್ದು ಆಫೀಸಿಗೆ ಬನ್ನಿ’ ಎನ್ನುತ್ತಾರೆ. ಯಾರಿಗೂ ಕೆಟ್ಟ ಉದ್ದೇಶವಿಲ್ಲ. ಆದರೆ ಮರುಗಳಿಗೆಯಲ್ಲಿ ನಡೆಯುವ ಕಿರುಪರೀಕ್ಷೆಯಲ್ಲಿ ಏನಾಗಬಹುದೆಂದು ಮೇಲಿನ ಪ್ರಯೋಗ ಹೇಳುತ್ತದೆ. ‘ಸ್ಲೋ ಲರ್ನರ್’ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸುವುದೂ ಇದೇ ಸಾಲಿಗೆ ಸೇರುತ್ತದೆ. ಅದೇ ಸುದ್ದಿಯನ್ನು ಮೊಬೈಲಿಗೆ ಸಂದೇಶವಾಗಿ ಕಳಿಸಬಹುದು. ಹೆಚ್ಚುವರಿ ತರಗತಿಯನ್ನು ಯಾರು ಬೇಕಾದರೂ ಬರಬಹುದಾದ ‘ಲೆಕ್ಕದ ಗಂಟೆ’ ಎಂದು ನಡೆಸಬಹುದು. ರ‍್ಯಾಂಕ್ ನಿರೀಕ್ಷಿಸುವವರೂ ಬಂದು ಕುಳಿತರೆ ಆ ಕೊಠಡಿಗೆ ಹಣೆಪಟ್ಟಿ ಉಳಿಯುವುದಿಲ್ಲ.

ಅಂಕ ಕೊಡುವ ಕೈಯ ಬಗ್ಗೆಯೂ ಪರೀಕ್ಷೆ ನಡೆದಿದೆ. ರೀಮಾ ಹನ್ನಾ ಮತ್ತು ಲೀ ಲಿಂಡನ್ ಭಾರತದಲ್ಲಿ ಮಾಡಿದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರಪತ್ರಿಕೆಗಳ ಮೇಲೆ ಜಾತಿಯನ್ನು ಮನಬಂದಂತೆ ಬದಲಿಸಿ ನಮೂದಿಸಲಾಗಿತ್ತು. ಕೆಳಜಾತಿಯೆಂದು ಬರೆದಿದ್ದ ಪತ್ರಿಕೆಗಳಿಗೆ ಸರಾಸರಿ ಸ್ವಲ್ಪ ಕಡಿಮೆ ಅಂಕ ಬಂತು. ಯಾರೂ ನಿರೀಕ್ಷಿಸದ ಸಂಗತಿಯೆಂದರೆ, ಹಾಗೆ ಕಡಿಮೆ ಕೊಟ್ಟವರು ಮುಖ್ಯವಾಗಿ ಕೆಳಜಾತಿಯ ಶಿಕ್ಷಕರೇ. ಯಾರನ್ನೋ ಖಳರನ್ನಾಗಿ ಮಾಡಿ ಮುಗಿಸಲಾಗದ ಪ್ರಶ್ನೆ ಇದು. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಮೌಲ್ಯಮಾಪಕರಿಗೆ ಹೆಸರು ಕಾಣದ ವ್ಯವಸ್ಥೆ ಇರುವುದು ಇಂಥ ಕಾರಣಕ್ಕೇ. ಆಂತರಿಕ ಅಂಕಗಳಿಗೆ ಆ ರಕ್ಷಣೆಯಿಲ್ಲ. ಹೆಸರಿನ ಬದಲು ನೋಂದಣಿ ಸಂಖ್ಯೆ ಬರೆಸುವುದು, ಯಾವುದಕ್ಕೆ ಎಷ್ಟು ಅಂಕ ಎಂದು ಮೊದಲೇ ಹೇಳುವುದು ವಿಭಾಗದ ಕೈಯಲ್ಲೇ ಇದೆ.

ಗುಂಪು ಚಟುವಟಿಕೆ ಮಾಡಿಸಿದರೆ ಎಲ್ಲರೂ ಬೆರೆಯುತ್ತಾರೆ ಎಂಬ ನಂಬಿಕೆಯೂ ಅರ್ಧ ಮಾತ್ರ ನಿಜ. ಉತ್ತರ ಪ್ರದೇಶದಲ್ಲಿ ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞರು ಕ್ರಿಕೆಟ್ ಲೀಗ್ ನಡೆಸಿ ಇದನ್ನು ಅಳೆದರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಬೇರೆ ಜಾತಿಯವರೊಂದಿಗೆ ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ದಾಟಿದ ಗೆಳೆತನ ಹೆಚ್ಚಿತು. ಬೇರೆ ಜಾತಿಯವರನ್ನು ಎದುರಾಳಿಗಳಾಗಿ ಎದುರಿಸಿದವರಲ್ಲಿ ಅದು ಕಡಿಮೆಯಾಯಿತು. ಆದ್ದರಿಂದ ಗುಂಪುಗಳನ್ನು ವಿದ್ಯಾರ್ಥಿಗಳೇ ಆರಿಸಿಕೊಳ್ಳಲು ಬಿಟ್ಟು ನಡುವೆ ಕ್ವಿಜ್ ಪೈಪೋಟಿ ಇಡುವುದಕ್ಕಿಂತ, ಅಧ್ಯಾಪಕರೇ ಚೀಟಿ ಎತ್ತಿ ತಂಡ ಮಾಡಿ, ಎಲ್ಲರ ಕೈ ಸೇರದೆ ಮುಗಿಯದ ಕೆಲಸ ಕೊಡುವುದು ಮೇಲು. ಉದಾಹರಣೆಗೆ ಊರಿನ ಸಂತೆಯ ಬೆಲೆ ಸಮೀಕ್ಷೆ.

ನಮ್ಮಂಥವರು ಅಲ್ಲಿದ್ದಾರೆಯೇ

ಅಮೆರಿಕದಲ್ಲಿ ಅರ್ಥಶಾಸ್ತ್ರದಲ್ಲಿ ಪದವಿ ಪಡೆಯುವವರಲ್ಲಿ ಹೆಣ್ಣುಮಕ್ಕಳು ಮೂರನೇ ಒಂದರಷ್ಟು ಮಾತ್ರ. ನಮ್ಮ ಬಿ.ಎ. ತರಗತಿಗಳಲ್ಲಿ ಹಾಗಿಲ್ಲ, ಹೆಣ್ಣುಮಕ್ಕಳು ತುಂಬಿರುತ್ತಾರೆ. ಆದರೂ ಅಲ್ಲಿನ ಎರಡು ಅಧ್ಯಯನಗಳು ಇಲ್ಲಿಗೂ ಹೊಂದುತ್ತವೆ.

ಟೆಕ್ಸಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಕ್ಯಾಥರೀನ್ ಪೋರ್ಟರ್ ಮತ್ತು ಡಾನಿಲಾ ಸೆರ್ರಾ ಅವರು ಅದೇ ವಿಭಾಗದಲ್ಲಿ ಓದಿ ಕೆಲಸದಲ್ಲಿದ್ದ ಇಬ್ಬರು ಮಹಿಳೆಯರನ್ನು ಕೆಲವು ತರಗತಿಗಳಿಗೆ ಕರೆಸಿದರು. ಕಾಲು ಗಂಟೆಯ ಮಾತು, ಅಷ್ಟೇ. ಆ ಮಾತು ಕೇಳಿದ ತರಗತಿಗಳಲ್ಲಿ ಅರ್ಥಶಾಸ್ತ್ರವನ್ನು ಮುಖ್ಯ ವಿಷಯವಾಗಿ ಆರಿಸಿದ ಹುಡುಗಿಯರ ಪ್ರಮಾಣ ಸುಮಾರು ಶೇ 9 ಇದ್ದದ್ದು, 8 ಶೇಕಡಾ ಅಂಶ ಹೆಚ್ಚಿ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಹುಡುಗರ ಮೇಲೆ ಪರಿಣಾಮ ಕಾಣಲಿಲ್ಲ. ಕಾಲೇಜಿಗೆ ಗಣ್ಯರನ್ನು ಕರೆಸಿ ಶಾಲು ಹೊದಿಸುವ ರೂಢಿ ನಮ್ಮಲ್ಲಿ ಧಾರಾಳವಾಗಿದೆ. ಅದರ ಬದಲು ಇದೇ ಕಾಲೇಜಿನ ಇದೇ ಬೆಂಚಿನಲ್ಲಿ ಕುಳಿತು ಈಗ ಗ್ರಾಮೀಣ ಬ್ಯಾಂಕಿನಲ್ಲೋ ಸಾಂಖ್ಯಿಕ ಇಲಾಖೆಯಲ್ಲೋ ಇರುವ ಹಳೆಯ ವಿದ್ಯಾರ್ಥಿನಿಯ ಕಾಲು ಗಂಟೆ ಹೆಚ್ಚು ಬೆಲೆಯುಳ್ಳದ್ದು ಎನ್ನಿಸುತ್ತದೆ. ಮೊದಲ ಸೆಮಿಸ್ಟರಿನಲ್ಲಿ ನಪಾಸಾಗಿದ್ದೆ ಎಂದು ಆಕೆ ಹೇಳಿದರಂತೂ ಇನ್ನೂ ಒಳ್ಳೆಯದು.

ಇನ್ನೊಂದು, 2023ರಲ್ಲಿ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರು ಗಮನಿಸಿದ ಸಂಗತಿ. ಮೊದಲ ಅರ್ಥಶಾಸ್ತ್ರ ಕೋರ್ಸಿನಲ್ಲಿ ಎ ದರ್ಜೆ ಬಾರದೆ ಬಿ ಬಂದರೆ ಹುಡುಗಿಯರು ಆ ವಿಷಯವನ್ನು ಬಿಡುವುದು ಹೆಚ್ಚು. ಅದೇ ಬಿ ಬಂದ ಹುಡುಗರು ತಲೆ ಕೆಡಿಸಿಕೊಳ್ಳದೆ ಮುಂದುವರಿಯುತ್ತಾರೆ. ಅಂಕಪಟ್ಟಿಯ ಜೊತೆಗೆ ಯಾರೂ ಏನೂ ಹೇಳದಿದ್ದಾಗ ಆ ಅಂಕಕ್ಕೆ ಪ್ರತಿಯೊಬ್ಬರೂ ತಮ್ಮ ಮನೆಯ ಅರ್ಥವನ್ನೇ ಹಚ್ಚಿಕೊಳ್ಳುತ್ತಾರೆ. ‘ನಲವತ್ತೆಂಟು ಬಂದಿದೆ, ರೇಖಾಚಿತ್ರದಲ್ಲಿ ಹನ್ನೆರಡು ಅಂಕ ಹೋಗಿದೆ, ಅದು ಎರಡು ವಾರದಲ್ಲಿ ಸರಿಹೋಗುವಂಥದ್ದು’ ಎಂದು ಹೇಳುವುದೇ ಮೆಂಟರ್ ಎಂಬ ಹುದ್ದೆಯ ಮುಖ್ಯ ಕೆಲಸ. ಮೆಂಟರ್ ಡೈರಿಗೆ ಸಹಿ ಹಾಕುವುದು ಅದರ ಕೊನೆಯ ಕೆಲಸ.

ಪಠ್ಯದಲ್ಲಿ ಬರುವ ಹೆಸರುಗಳೂ ಏನನ್ನೋ ಹೇಳುತ್ತವೆ. ಆಡಂ ಸ್ಮಿತ್, ಮಾರ್ಷಲ್, ಕೇನ್ಸ್ ಇರಲೇಬೇಕು. ರೂಪಾಯಿಯ ಮೌಲ್ಯದ ಪ್ರಶ್ನೆಯನ್ನು ಕುರಿತು ಪ್ರಬಂಧ ಬರೆದು 1923ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಿಂದ ಡಿ.ಎಸ್ಸಿ. ಪಡೆದ ಅಂಬೇಡ್ಕರ್ ಹಣಕಾಸಿನ ಪಾಠದಲ್ಲೇ ಬರಬೇಕು. ಜಯಂತಿಯ ದಿನದ ಭಾಷಣಕ್ಕೆ ಮಾತ್ರ ಮೀಸಲಾದರೆ ಅವರು ವೃತ್ತಿಯಿಂದ ಅರ್ಥಶಾಸ್ತ್ರಜ್ಞರೂ ಆಗಿದ್ದರು ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೇ ಗೊತ್ತಾಗುವುದಿಲ್ಲ.

ರೇಖೆಯನ್ನು ಕೈಯಿಂದ ಓದುವುದು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು ಮೀಸಲಿಡಬೇಕೆನ್ನುತ್ತದೆ. ಪರೀಕ್ಷೆಯಲ್ಲಿ ಸಹಾಯಕ ಬರಹಗಾರರನ್ನು ಪಡೆಯಬಹುದು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂಬ ಕೇಂದ್ರದ ಮಾರ್ಗಸೂಚಿಯೂ ಇದೆ. ಪರೀಕ್ಷೆಯ ಮೂರು ಗಂಟೆಗೆ ನಿಯಮವಿದೆ, ಪಾಠದ ಮೂರು ವರ್ಷಕ್ಕೆ ವಿಭಾಗವೇ ದಾರಿ ಹುಡುಕಬೇಕು.

ಕಣ್ಣು ಕಾಣದ ವಿದ್ಯಾರ್ಥಿಗೆ ‘ಈ ರೇಖೆ ಇಲ್ಲಿ ಅದನ್ನು ಕತ್ತರಿಸುತ್ತದೆ’ ಎಂದರೆ ಏನೂ ತಿಳಿಯದು. ದಪ್ಪ ರಟ್ಟಿನ ಮೇಲೆ ದಾರವನ್ನು ಅಂಟಿಸಿ ಬೇಡಿಕೆ ರೇಖೆಯನ್ನೂ, ಒರಟು ಹುರಿಯಿಂದ ಪೂರೈಕೆ ರೇಖೆಯನ್ನೂ ಮಾಡಿದರೆ ಬೆರಳಾಡಿಸಿ ಸಮತೋಲನ ಬಿಂದುವನ್ನು ಮುಟ್ಟಬಹುದು. ಕಾಣುವವರೂ ಅದನ್ನು ಕೈಗೆತ್ತಿಕೊಳ್ಳದೆ ಬಿಡುವುದಿಲ್ಲ.

ನೋಟ್ಸಿನದು ಇನ್ನೊಂದು ಸಮಸ್ಯೆ. ನಮ್ಮ ಅಧ್ಯಾಪಕರ ಕನ್ನಡ ಟಿಪ್ಪಣಿಗಳು ಎಷ್ಟೋ ಇನ್ನೂ ಹಳೆಯ ನುಡಿ, ಬರಹ ಫಾಂಟುಗಳಲ್ಲೇ ಇವೆ. ಎನ್‌ವಿಡಿಎಯಂಥ ಉಚಿತ ತಂತ್ರಾಂಶ ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುತ್ತದೆ, ಆದರೆ ಅಕ್ಷರ ಯೂನಿಕೋಡ್‌ನಲ್ಲಿದ್ದರೆ ಮಾತ್ರ. ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕೇಳಿಸುತ್ತದೆ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಯೂನಿಕೋಡ್‌ಗೆ ತಂದ ನೋಟ್ಸನ್ನು ಹಾಲು ಕರೆಯುತ್ತಾ ಕಿವಿಗೆ ಇಯರ್‌ಫೋನ್ ಹಾಕಿಕೊಂಡ ಹುಡುಗನೂ ಕೇಳಬಹುದು.

ಹಣದ ಚಿಂತೆ, ಹಾಜರಾತಿ, ಅತಿಥಿ ಉಪನ್ಯಾಸಕರು

ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮೊದಲು, ಕೈಯಲ್ಲಿ ಹಣವಿಲ್ಲದಿದ್ದಾಗ, ಸಂಶೋಧಕರು ಬುದ್ಧಿಶಕ್ತಿ ಅಳೆಯುವ ಒಂದು ಬಗೆಯ ಪರೀಕ್ಷೆ ಕೊಟ್ಟರು. ಕಟಾವಾಗಿ ಹಣ ಬಂದ ಮೇಲೆ ಅದೇ ರೈತರಿಗೆ ಅದೇ ಬಗೆಯ ಪರೀಕ್ಷೆ. ಎರಡನೆಯ ಸಲ ಅವರು ಸ್ಪಷ್ಟವಾಗಿ ಮೇಲಿದ್ದರು. 2013ರಲ್ಲಿ ಪ್ರಕಟವಾದ ಈ ಅಧ್ಯಯನದ ಲೆಕ್ಕಾಚಾರದ ಬಗ್ಗೆ ಬೇರೆ ವಿದ್ವಾಂಸರು ಪ್ರಶ್ನೆ ಎತ್ತಿದ್ದೂ ಉಂಟು. ಆದರೆ ಹಣದ ಚಿಂತೆ ತಲೆಯ ಜಾಗವನ್ನು ತಿನ್ನುತ್ತದೆ ಎಂಬ ಅದರ ಮೂಲ ಮಾತನ್ನು ಮಂಡ್ಯದಲ್ಲೋ ಬೆಳಗಾವಿಯಲ್ಲೋ ಕಾರ್ಖಾನೆಯ ಬಾಕಿಗಾಗಿ ಕಾದ ಮನೆಗಳಿಗೆ ವಿವರಿಸಬೇಕಾಗಿಲ್ಲ.

ಕಾಲೇಜಿನಲ್ಲಿ ಇದರ ರೂಪ ವಿದ್ಯಾರ್ಥಿವೇತನ. ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು. ಹಣ ಬರಲು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಕಾಗುಣಿತ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮೊದಲ ತಲೆಮಾರಿನ ವಿದ್ಯಾರ್ಥಿ ಇದಕ್ಕಾಗಿ ಕಳೆದುಕೊಳ್ಳುವ ದಿನಗಳೂ ಹಾಜರಾತಿಯಿಂದಲೇ ಹೋಗುತ್ತವೆ, ಮತ್ತು ಶೇ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಅವಕಾಶ ವೆಚ್ಚ ಎನ್ನುತ್ತಾರೆ: ಒಂದನ್ನು ಪಡೆಯಲು ಬಿಟ್ಟುಕೊಟ್ಟ ಇನ್ನೊಂದರ ಬೆಲೆ. ಅರ್ಜಿ ತುಂಬಿ ಅನುಭವವಿರುವ ಮೂರನೇ ವರ್ಷದ ನಾಲ್ವರನ್ನು ಕೂರಿಸಿ ಸೆಮಿಸ್ಟರ್ ಆರಂಭದಲ್ಲೇ ಒಂದು ಮಧ್ಯಾಹ್ನ ಮೀಸಲಿಟ್ಟರೆ ಈ ವೆಚ್ಚ ಬಹಳ ಇಳಿಯುತ್ತದೆ.

2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಬಸ್ ಖರ್ಚು ಉಳಿದಿದೆ. ಬಸ್ಸಿನ ವೇಳೆ ಮಾತ್ರ ಯೋಜನೆಯಿಂದ ಬದಲಾಗಿಲ್ಲ. ಊರಿಗೆ ಕೊನೆಯ ಬಸ್ ನಾಲ್ಕೂವರೆಗೆ ಎಂದಾದರೆ ನಾಲ್ಕರ ನಂತರ ಇಟ್ಟ ರೆಮಿಡಿಯಲ್ ತರಗತಿ, ಅದು ಯಾರಿಗೆ ಬೇಕೋ ಅವರಿಗೇ ಸಿಗುವುದಿಲ್ಲ.

ಇಷ್ಟೆಲ್ಲವನ್ನೂ ಮಾಡಬೇಕಾದವರು ಯಾರು ಎಂಬಲ್ಲಿಗೆ ಬಂದರೆ ಮಾತು ಸ್ವಲ್ಪ ಕಹಿಯಾಗುತ್ತದೆ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಿದ್ದಾರೆ. ಅವರ ನೇಮಕ ತಡವಾದರೆ ಪಾಠ ತಡವಾಗುತ್ತದೆ. ಮುಂದಿನ ವರ್ಷ ಅವರೇ ಬರುತ್ತಾರೆಂಬ ಖಾತರಿಯಿಲ್ಲ. ಮೆಂಟರ್ ವರ್ಷಕ್ಕೊಬ್ಬರು ಬದಲಾದರೆ ಆ ಏರ್ಪಾಡಿಗೆ ಅರ್ಥವಿಲ್ಲ. ಮೇಲಾಗಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಪಠ್ಯಕ್ರಮ ಹೀಗೆ ಬದಲಾದಾಗ ಮೊದಲು ನಷ್ಟವಾಗುವುದು ಅಣ್ಣ ಅಕ್ಕಂದಿರ ಹಳೆಯ ನೋಟ್ಸು ನೆಚ್ಚಿಕೊಂಡವರಿಗೆ. ಒಂದು ವಿಭಾಗ ಎಷ್ಟು ಮುತುವರ್ಜಿ ವಹಿಸಿದರೂ ಇದನ್ನು ಸರಿಪಡಿಸಲಾರದು. ಘಟಕವಾರು ಟಿಪ್ಪಣಿ, ಲೆಕ್ಕದ ಮಾದರಿಗಳು, ವಿದ್ಯಾರ್ಥಿವಾರು ಮೆಂಟರ್ ದಾಖಲೆ ವಿಭಾಗದ ಹೆಸರಿನಲ್ಲಿ ಉಳಿದರೆ ಹೊಸದಾಗಿ ಬಂದವರು ಮೊದಲಿನಿಂದ ಶುರು ಮಾಡಬೇಕಾಗುವುದಿಲ್ಲ ಎಂಬುದಷ್ಟೇ ಸದ್ಯದ ಸಮಾಧಾನ.

ಮನೆಯವರು ಏನು ಕೇಳಬಹುದು

ಪ್ರವೇಶದ ದಿನ ಶುಲ್ಕದ ಬಗ್ಗೆ ಕೇಳಿದಷ್ಟೇ ಸಹಜವಾಗಿ ವಿಭಾಗದ ಮುಖ್ಯಸ್ಥರನ್ನು ಕೆಲವು ಮಾತು ಕೇಳಬಹುದು. ಪಿಯುಸಿಯಲ್ಲಿ ಗಣಿತ ಇಲ್ಲದವರಿಗೆ ಮೊದಲ ತಿಂಗಳು ಏನು ವ್ಯವಸ್ಥೆಯಿದೆ? ಹೆಚ್ಚುವರಿ ತರಗತಿ ಎಷ್ಟು ಗಂಟೆಗೆ, ಊರಿನ ಬಸ್ಸಿಗೆ ಮೊದಲೋ ಆಮೇಲೋ? ಮೆಂಟರ್ ಯಾರು, ಅವರನ್ನು ಯಾವ ದಿನ ಕಾಣಬಹುದು? ನೋಟ್ಸ್ ಎರಡೂ ಭಾಷೆಯಲ್ಲಿ ಸಿಗುತ್ತದೆಯೇ? ಆಂತರಿಕ ಅಂಕ ಹೇಗೆ ಹಂಚುತ್ತಾರೆ, ಆಕ್ಷೇಪವಿದ್ದರೆ ಯಾರಿಗೆ ಹೇಳಬೇಕು? ಜಾತಿ, ಲಿಂಗ, ಅಂಗವಿಕಲತೆಯ ಕಾರಣದಿಂದ ತೊಂದರೆಯಾದರೆ ದೂರು ಕೊಡುವ ಸಮಿತಿ ಎಲ್ಲಿದೆ? ಮಗಳ ಹೆಸರು ‘ಸ್ಲೋ ಲರ್ನರ್’ ಪಟ್ಟಿಗೆ ಬಂದಿದ್ದರೆ, ಯಾವ ಪರೀಕ್ಷೆಯ ಯಾವ ಪ್ರಶ್ನೆಗಳ ಆಧಾರದಲ್ಲಿ ಬಂತು ಎಂದು ಕೇಳಿ ಉತ್ತರಪತ್ರಿಕೆಯನ್ನೇ ನೋಡಬಹುದು. ಹನ್ನೆರಡು ಅಂಕ ರೇಖಾಚಿತ್ರದಲ್ಲಿ ಹೋಗಿದ್ದರೆ ಅಲ್ಲಿಂದಲೇ ಶುರು ಮಾಡಿಸಿ ಎನ್ನಬಹುದು.